ಶನಿ ಒಂದು ಸುತ್ತು ಮುಗಿಸಿ ಬಂದಾಗ

ನಿಮ್ಮ ಮಗನಿಗೆ ಇಪ್ಪತ್ತೊಂಬತ್ತು ನಡೀತಿದೆ, ಅದಕ್ಕೇ ಯಾರೋ ಹೆದರಿಸಿದ್ದಾರೆ. ಹುಟ್ಟಿದಾಗ ಶನಿ ಎಲ್ಲಿದ್ದನೋ ಅಲ್ಲಿಗೇ ಮತ್ತೆ ಬಂದು ಕೂತಿದ್ದಾನೆ; ಈ ಎರಡು ವರ್ಷ ಮದುವೆ ಬೇಡ, ಸೈಟು ಬೇಡ, ಕೆಲಸ ಬದಲಾಯಿಸೋದಂತೂ ಬೇಡವೇ ಬೇಡ ಅಂದರಂತೆ. ಹೇಳಿದವರು ಯಾರು ಅಂತ ನಾನು ಕೇಳೋದಿಲ್ಲ. ಆದರೆ ಮಾತನ್ನ ಅಲ್ಲಿಗೇ ಬಿಡೋಕೆ ನನಗೆ ಮನಸ್ಸಾಗ್ತಿಲ್ಲ. ಬನ್ನಿ, ಈ ಕಡೆ ಹೊಂಗೆ ನೆರಳಿದೆ. ಬೇಲಿಗೆ ಒರಗಬೇಡಿ, ಮುಳ್ಳಿದೆ.

ಅವರು ಎರಡು ಬೇರೆ ಸಂಗತಿಗಳನ್ನ ಒಂದಕ್ಕೊಂದು ಕಲಸಿದ್ದಾರೆ. ಏಳರಾಟದ ಶನಿ ಬೇರೆ, ಶನಿಯ ಸುತ್ತು ಬೇರೆ. ಏಳರಾಟ ಅನ್ನೋದು ಚಂದ್ರನ ಲೆಕ್ಕ. ಹುಟ್ಟಿದಾಗ ಚಂದ್ರ ಇದ್ದ ರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರನ್ನೂ ಶನಿ ದಾಟೋಕೆ ಹಿಡಿಯೋ ಏಳೂವರೆ ವರ್ಷ. ಸುತ್ತು ಅನ್ನೋದು ಶನಿಯದೇ ಲೆಕ್ಕ: ಜನ್ಮಕಾಲದಲ್ಲಿ ಅವನಿದ್ದ ಭಾಗಕ್ಕೆ (ಡಿಗ್ರಿಗೆ) ಅವನೇ ಮರಳೋದು. ಸುಮಾರು 29 ವರ್ಷ ಆರು ತಿಂಗಳು ಬೇಕು. ಶನಿ 2025ರ ಮಾರ್ಚ್ 29ರಂದು ಮೀನ ರಾಶಿಗೆ ಬಂದ. ಹಿಂದಿನ ಸಲ ಅವನು ಮೀನದಲ್ಲಿದ್ದದ್ದು 1996ರ ಫೆಬ್ರವರಿಯಿಂದ 1998ರ ಏಪ್ರಿಲ್‌ವರೆಗೆ. ಅಂದಮೇಲೆ ಆ ಎರಡು ವರ್ಷದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಈಗ ಶನಿಯ ಸುತ್ತೇ. ನಿಮ್ಮ ಮಗನ ಜೊತೆ ಎಸ್ಸೆಸ್ಸೆಲ್ಸಿ ಬರೆದ ಇಡೀ ತರಗತಿಗೆ ಇದೆ, ದೇವನಹಳ್ಳಿ ಹತ್ತಿರದ ಫಾಕ್ಸ್‌ಕಾನ್ ಕಾರ್ಖಾನೆಗೆ ಪಾಳಿ ಬಸ್ಸಲ್ಲಿ ಹೋಗೋ ಆ ವಯಸ್ಸಿನ ಹೆಣ್ಣುಮಕ್ಕಳಿಗೂ ಇದೆ. ಅಷ್ಟೂ ಜನಕ್ಕೆ ಮದುವೆ ಬೇಡ ಅಂದರೆ ತಾಲ್ಲೂಕಿನ ಕಲ್ಯಾಣಮಂಟಪಗಳಿಗೆಲ್ಲ ಬೀಗ ಹಾಕಬೇಕಾಗುತ್ತೆ. ಎಲ್ಲರಿಗೂ ಒಟ್ಟಿಗೆ ಬರೋದನ್ನ ಒಬ್ಬನ ಹಣೆಬರಹ ಅಂತ ಓದೋ ಹಾಗಿಲ್ಲ.

ಹಾಗಾದರೆ ಬಲ್ಲವರು ಹೇಗೆ ಓದುತ್ತಾರೆ? ಜನ್ಮಕುಂಡಲಿ ಹಾಸು, ಗ್ರಹ ಮರಳಿದ ಕ್ಷಣಕ್ಕೆ ಹಾಕೋ ಮರಳಿಕೆಯ ಕುಂಡಲಿ ಹೊಕ್ಕು. ಹಾಸಿಲ್ಲದೆ ಬರೀ ಹೊಕ್ಕಿನಿಂದ ಬಟ್ಟೆ ಆಗೋದಿಲ್ಲ ಅನ್ನೋದನ್ನ ನೇಕಾರರ ಊರಾದ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಮಗುವಿಗೂ ಹೇಳಿಕೊಡಬೇಕಿಲ್ಲ. ಜನ್ಮದಲ್ಲಿ ಶನಿ ಯಾವ ಭಾವದಲ್ಲಿದ್ದ, ಯಾವ ಭಾವಗಳಿಗೆ ಒಡೆಯ, ಬಲ ಎಷ್ಟು ಅನ್ನೋದನ್ನ ಮೊದಲು ನೋಡಬೇಕು. ವೃಷಭ ಲಗ್ನಕ್ಕೂ ತುಲಾ ಲಗ್ನಕ್ಕೂ ಶನಿ ಯೋಗಕಾರಕ. ಅವರಿಗೆ ಅವನು ಮರಳಿದರೆ ಶಾಸ್ತ್ರವೇ ಏಳಿಗೆ ಅನ್ನುತ್ತೆ. ಆಮೇಲೆ ಅಷ್ಟಕವರ್ಗ, ಅಂದರೆ ರಾಶಿ ರಾಶಿಗೂ ಗ್ರಹಕ್ಕೆ ಬಿಂದು ಎಣಿಸೋ ಲೆಕ್ಕ. ಶನಿಗೆ ಹನ್ನೆರಡು ರಾಶಿಗೂ ಸೇರಿ ಸಿಗೋದು 39 ಬಿಂದು. ಅವನು ಮರಳಿದ ರಾಶಿಯಲ್ಲಿ ನಾಲ್ಕೋ ಐದೋ ಬಿಂದು ಇದ್ದರೆ ಅವನ ಸಂಚಾರ ಹಗುರ, ಒಂದೋ ಎರಡೋ ಇದ್ದರೆ ಭಾರ. ಜೊತೆಗೆ ನಡೀತಿರೋ ದಶೆ ಯಾವುದು ಅನ್ನೋದೂ ಬೇಕು. ಇಷ್ಟನ್ನೂ ನೋಡದೆ ‘ಶನಿ ಬಂದ’ ಅಂದವರು ಕುಂಡಲಿ ಓದಿಲ್ಲ, ಪಂಚಾಂಗ ಓದಿದ್ದಾರೆ.

ಶನಿ ಅಂದರೆ ನಮ್ಮ ಸೀಮೆಯಲ್ಲಿ ಹೆದರಿಕೆ ಮಾತ್ರ ಅಲ್ಲ, ಆ ಮಾತೂ ಹೇಳಬೇಕು. ಮಧುರೆ ಹೋಬಳಿಯ ಕನಸವಾಡಿಗೆ ಶನಿವಾರ ಹೋಗಿ ನೋಡಿ, ಅದರಲ್ಲೂ ಶ್ರಾವಣ ಶನಿವಾರ. ಶನಿಮಹಾತ್ಮನ ಮುಂದೆ ಎಳ್ಳುಬತ್ತಿ ಹಚ್ಚೋ ಸಾಲು ಎಷ್ಟು ಉದ್ದ! ಅಲ್ಲಿ ನಿಂತವರ ಮುಖದಲ್ಲಿ ಭಯಕ್ಕಿಂತ ಹೆಚ್ಚು ನನಗೆ ಕಾಣೋದು ಸಲಿಗೆ. ಊರಿನಲ್ಲಿ ಯಾರಿಗಾದರೂ ಏಳರಾಟ ಹಿಡಿಯಿತು ಅಂದರೆ ಶನಿಮಹಾತ್ಮೆ ಕತೆ ಓದಿಸೋದು, ರಾತ್ರಿಯಿಡೀ ಎದ್ದು ಕೇಳೋದು, ಬೆಳಿಗ್ಗೆ ಪ್ರಸಾದ ಹಂಚೋದು, ಇದು ಇಂದಿಗೂ ಇದೆ. ವಿಕ್ರಮರಾಜ ಶನಿಯನ್ನ ಹಗುರವಾಗಿ ಕಂಡ, ರಾಜ್ಯ ಹೋಯ್ತು, ಕೈಕಾಲು ಹೋಯ್ತು, ಗಾಣ ತಿರುಗಿಸಿಕೊಂಡು ಏಳೂವರೆ ವರ್ಷ ಕಳೆದ. ಕೊನೆಗೆ ಎಲ್ಲವೂ ವಾಪಸ್ ಬಂತು. ಕೆಂಪರಾಜ ಅರಸು 1950ರಲ್ಲಿ ‘ರಾಜಾ ವಿಕ್ರಮ’ ಸಿನಿಮಾ ಮಾಡಿದ್ದೂ ಈ ಕತೆಯನ್ನೇ, ಹಳ್ಳಿಯ ಪೌರಾಣಿಕ ನಾಟಕಗಳೂ ಕಟ್ಟಿಕೊಂಡಿದ್ದು ಇದನ್ನೇ. ಅವಧಿ ಮುಗಿಯುತ್ತೆ ಅನ್ನೋದು ಆ ಕತೆಯ ಜೀವ. ಹೆದರಿಸೋ ಜನ ಈ ಅರ್ಧವನ್ನ ಯಾಕೆ ನುಂಗಿಬಿಡ್ತಾರೋ ನನಗೆ ತಿಳಿಯದು.

ಗ್ರಹ ಮರಳೋದು ಅಂದರೆ ಒಂದು ದಿನದ ಘಟನೆಯೂ ಅಲ್ಲ. ಭೂಮಿಯಿಂದ ನೋಡೋವಾಗ ಗುರು, ಶನಿ ವರ್ಷಕ್ಕೊಮ್ಮೆ ವಕ್ರವಾಗಿ ಹಿಂದೆ ಸರಿದ ಹಾಗೆ ಕಾಣುತ್ತಾರೆ. ಆದ್ದರಿಂದ ಜನ್ಮದ ಭಾಗವನ್ನ ಅನೇಕರಿಗೆ ಮೂರು ಸಲ ದಾಟುತ್ತಾರೆ: ಮುಂದೆ ಹೋಗೋವಾಗ ಒಮ್ಮೆ, ಹಿಂದೆ ಬರೋವಾಗ ಒಮ್ಮೆ, ಮತ್ತೆ ಮುಂದೆ ಹೋಗೋವಾಗ ಒಮ್ಮೆ. ಮೂರರಲ್ಲಿ ಯಾವ ಕ್ಷಣಕ್ಕೆ ಕುಂಡಲಿ ಹಾಕೋದು? ಮೊದಲನೆಯದಕ್ಕೆ ಅನ್ನುವವರಿದ್ದಾರೆ, ಕೊನೆಯದಕ್ಕೆ ಅನ್ನುವವರಿದ್ದಾರೆ, ಮೂರನ್ನೂ ಹಾಕಿ ಒಂದೇ ಕಾಲದ ಮೂರು ಹಂತ ಅಂತ ಓದುವವರಿದ್ದಾರೆ. ನನಗೆ ಒಪ್ಪಿಗೆಯಾಗೋದು ಮೂರನೆಯವರ ದಾರಿ.

ಇದಕ್ಕೆ ಒಳ್ಳೇ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಆ ದಿನ ಗುರು ಧನು ರಾಶಿಯ ಕೊನೆಯ ಭಾಗದಲ್ಲಿ, ತನ್ನ ಸ್ವಂತ ಮನೆಯಲ್ಲಿದ್ದ. ಗುರುವಿನ ಸುತ್ತು ಹನ್ನೆರಡು ವರ್ಷಕ್ಕೆ ಒಂದೂವರೆ ತಿಂಗಳಷ್ಟು ಕಡಿಮೆ. ಲೆಕ್ಕ ಹಾಕಿ: ಅದೇ ಭಾಗಕ್ಕೆ ಅವನು ಮರಳಿದ್ದು 2020ರ ಮಾರ್ಚ್ ನಡುವಿನ ಹೊತ್ತಿಗೆ, ವಕ್ರನಾಗಿ ಮತ್ತೆ ಜುಲೈನಲ್ಲಿ, ಕೊನೆಯದಾಗಿ ನವೆಂಬರ್‌ನಲ್ಲಿ. ಶುಭಗ್ರಹ, ಸ್ವಕ್ಷೇತ್ರ, ಮೊದಲ ಮರಳಿಕೆ. ಪುಸ್ತಕ ಹಿಡಿದು ಓದಿದರೆ ‘ವಿಸ್ತಾರ, ಸಮೃದ್ಧಿ, ದೂರ ಪ್ರಯಾಣ’ ಅಂತಲೇ ಬರೀಬೇಕು. ಆದದ್ದೇನು ಅಂತ ನೀವೇ ಕಂಡಿದ್ದೀರಿ. ಆ ಮಾರ್ಚ್ ಕೊನೆಯ ವಾರ ಕೊರೊನಾ ಬಂದು ದೇಶದ ಪ್ರಯಾಣಿಕರ ವಿಮಾನಗಳೆಲ್ಲ ನೆಲ ಹಿಡಿದವು. ನಮ್ಮ ತಲೆ ಮೇಲೆ ಹಗಲು ರಾತ್ರಿ ಇರುತ್ತಿದ್ದ ಸದ್ದು ಹೆಚ್ಚುಕಮ್ಮಿ ನಿಂತು, ಗುಬ್ಬಿ ಕೂಗು ಕೇಳಿಸೋ ಹಾಗಾಯ್ತು.

ಇನ್ನೊಂದು ಪಕ್ಕವನ್ನೂ ಹೇಳ್ತೀನಿ. ದೇಶದೊಳಗಿನ ವಿಮಾನಗಳು ಮತ್ತೆ ಹಾರಿದ್ದು ಮೇ 25ಕ್ಕೆ. ಮೇ 24 ಅಂದರೆ ನಿಲ್ದಾಣಕ್ಕೆ ಹನ್ನೆರಡು ತುಂಬಿದ ದಿನ, ಸೂರ್ಯ ತನ್ನ ಜಾಗಕ್ಕೆ ಮರಳಿದ ದಿನ. ಸೂರ್ಯನ ಮರಳಿಕೆಯನ್ನ ನಂಬುವವರು ಇದನ್ನ ಎದೆ ತಟ್ಟಿ ತೋರಿಸಬಹುದು. ಆದರೆ ಹಾಗೆ ತೋರಿಸೋವಾಗ ಮಾರ್ಚ್‌ನ ಗುರುವನ್ನ ಮರೆಮಾಚಬಾರದು. ಹೊಂದಿದ್ದನ್ನ ಮಾತ್ರ ಎತ್ತಿ ಹಿಡಿದು ಹೊಂದದ್ದನ್ನ ಬಿಟ್ಟುಬಿಟ್ಟರೆ ಯಾವ ಕುಂಡಲಿ ಬೇಕಾದರೂ ನಿಜ ಆಗುತ್ತೆ. ಆ ವರ್ಷ ಮುಚ್ಚಿದ್ದು ನಮ್ಮ ನಿಲ್ದಾಣ ಒಂದೇ ಅಲ್ಲವಲ್ಲ. ಬೇರೆ ಬೇರೆ ದಿನ ಹುಟ್ಟಿದ, ಬೇರೆ ಬೇರೆ ಗುರು ಇರೋ ನಿಲ್ದಾಣಗಳೂ ಮುಚ್ಚಿದವು. ಅಲ್ಲದೆ ನಿಲ್ದಾಣದ ಹುಟ್ಟು ಯಾವುದು? ಶಂಕುಸ್ಥಾಪನೆಯೋ, ಮೊದಲ ವಿಮಾನವೋ? ಅದಕ್ಕೇ ಇನ್ನೂ ಒಮ್ಮತವಿಲ್ಲ. ಶನಿ ಅಲ್ಲಿಗೆ ಮೊದಲ ಸುತ್ತು ಮುಗಿಸೋದು 2037ರಲ್ಲಿ. ಆಗ ಯಾರಾದರೂ ಏನಾದರೂ ಹೇಳಿದರೆ 2020ನ್ನ ನೆನಪಿಸಿ.

ಸೂರ್ಯನ ಮರಳಿಕೆ ಅಂದೆನಲ್ಲ, ಅದಕ್ಕೆ ನಮ್ಮಲ್ಲಿ ವರ್ಷಫಲ ಅಂತ ದೊಡ್ಡ ಶಾಸ್ತ್ರವೇ ಇದೆ. ತಾಜಿಕ ಪದ್ಧತಿ ಅಂತಾರೆ. ಕನ್ನಡದಲ್ಲಿ ಶ್ರೀಧರಾಚಾರ್ಯ ‘ಜಾತಕತಿಲಕ’ ಬರೆದದ್ದು 1049ರಲ್ಲಿ. ತಾಜಿಕ ಬಂದದ್ದು ಅದಾದ ಮೇಲೆ. ಅರಬ್ಬಿ, ಪಾರಸಿ ಜ್ಯೋತಿಷಿಗಳ ವಿದ್ಯೆಯನ್ನ ಹದಿಮೂರನೇ ಶತಮಾನದಲ್ಲಿ ಗುಜರಾತದ ಸಮರಸಿಂಹ ಸಂಸ್ಕೃತಕ್ಕೆ ತಂದ. 1587ರಲ್ಲಿ ನೀಲಕಂಠ ದೈವಜ್ಞ ‘ತಾಜಿಕ ನೀಲಕಂಠೀ’ ಬರೆದು ಅದಕ್ಕೆ ಗಟ್ಟಿ ರೂಪ ಕೊಟ್ಟ. ಇತ್ಥಶಾಲ, ಈಸರಾಫ, ಮುಂಥಾ, ಸಹಮ ಅಂತ ನಮ್ಮ ಜೋಯಿಸರು ಶ್ಲೋಕದ ಮಧ್ಯೆ ಉಚ್ಚರಿಸೋ ಮಾತುಗಳೆಲ್ಲ ಆ ದಾರಿಯಲ್ಲಿ ಬಂದವು. ಹೊರಗಿನಿಂದ ಬಂದ ಅತಿಥಿಯನ್ನ ಪೂಜಾಕೋಣೆಯವರೆಗೂ ಕರೆದುಕೊಂಡವರು ನಮ್ಮ ಹಿರಿಯರು, ಇದು ನನಗೆ ತುಂಬಾ ಹೆಮ್ಮೆ ತರೋ ಸಂಗತಿ.

ಈ ವರ್ಷಫಲವನ್ನ ಇಂಗ್ಲಿಷ್ ಓದೋ ಜಗತ್ತಿಗೆ ಹೇಳಿದವರಲ್ಲಿ ದೊಡ್ಡ ಹೆಸರು ನಮ್ಮ ಬೆಂಗಳೂರಿನ ಬಿ.ವಿ. ರಾಮನ್ ಅವರದು. ಅವರ ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ‘ಅಸ್ಟ್ರಲಾಜಿಕಲ್ ಮ್ಯಾಗಜೀನ್’ ಶುರುಮಾಡಿದರು. ನಿಂತುಹೋಗಿದ್ದ ಪತ್ರಿಕೆಯನ್ನ ಮೊಮ್ಮಗ 1936ರಲ್ಲಿ ಮತ್ತೆ ಎಬ್ಬಿಸಿದರು, ವರ್ಷಫಲದ ಮೇಲೇ ಒಂದು ಪುಸ್ತಕ ಬರೆದರು. ಲೆಕ್ಕ ಸುಂದರವಾಗಿದೆ. ಜನ್ಮಲಗ್ನದಿಂದ ವರ್ಷಕ್ಕೊಂದು ರಾಶಿಯಂತೆ ಮುಂಥಾ ಅನ್ನೋ ಗುರುತು ಮುಂದೆ ಹೋಗುತ್ತೆ, ಹನ್ನೆರಡು ವರ್ಷಕ್ಕೆ ಲಗ್ನಕ್ಕೇ ವಾಪಸ್. ವರ್ಷಲಗ್ನದಿಂದ ಎಣಿಸಿದಾಗ ಅದು ಒಂಬತ್ತು, ಹತ್ತು, ಹನ್ನೊಂದರಲ್ಲಿದ್ದರೆ ಉತ್ತಮ. ನಾಲ್ಕು, ಆರು, ಏಳು, ಎಂಟು, ಹನ್ನೆರಡಾದರೆ ಕಷ್ಟ. ವರ್ಷದ ಐದು ಅಧಿಕಾರಿ ಗ್ರಹಗಳಲ್ಲಿ ಬಲಶಾಲಿಯಾದವನು ವರ್ಷೇಶ. ನೂರಿಪ್ಪತ್ತು ವರ್ಷದ ವಿಂಶೋತ್ತರಿ ದಶೆಯನ್ನ ಒಂದೇ ವರ್ಷದೊಳಗೆ ಅಡಕ ಮಾಡಿದರೆ ಮುದ್ದಾ ದಶೆ.

ಇಷ್ಟೆಲ್ಲ ಕಟ್ಟಿರೋದು ಒಂದು ಕ್ಷಣದ ಮೇಲೆ, ಅದನ್ನ ಮರೀಬೇಡಿ. ಸೂರ್ಯ ಜನ್ಮದ ಭಾಗ, ಕಲೆ, ವಿಕಲೆಗೆ ಬಂದ ಕ್ಷಣ. ನಕ್ಷತ್ರಗಳ ನಡುವೆ ಸೂರ್ಯನ ಸುತ್ತಿಗೆ 365 ದಿನ 6 ಗಂಟೆ 9 ನಿಮಿಷ. ಹಾಗಾಗಿ ಪ್ರತಿ ವರ್ಷ ಆ ಕ್ಷಣ ಆರು ಗಂಟೆ ಚಿಲ್ಲರೆ ಮುಂದಕ್ಕೆ ಹೋಗುತ್ತೆ, ಲಗ್ನ ಸುಮಾರು ಮೂರು ರಾಶಿ ಜಿಗಿಯುತ್ತೆ. ಇಂಗ್ಲಿಷ್ ತಾರೀಖಿಗೂ ಇದಕ್ಕೂ ಎಪ್ಪತ್ತೆರಡು ವರ್ಷಕ್ಕೊಂದು ದಿನದಷ್ಟು ಅಂತರ ಬೀಳುತ್ತೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯೇ ಆಗಿತ್ತು. ಈಗ ನಾವು ಎಳ್ಳುಬೆಲ್ಲ ಹಂಚೋದು 14ಕ್ಕೋ 15ಕ್ಕೋ. ಕೇಕು ಕತ್ತರಿಸೋ ದಿನಕ್ಕೇ ವರ್ಷಕುಂಡಲಿ ಹಾಕೋದು ಎಷ್ಟು ಒರಟು ಲೆಕ್ಕ ಅಂತ ಇದರಿಂದ ಗೊತ್ತಾಗುತ್ತೆ.

ಸೂರ್ಯಸಿದ್ಧಾಂತದ ವರ್ಷಮಾನವೋ ಇನ್ನೂ ಮೂರೂವರೆ ನಿಮಿಷ ಉದ್ದ, 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು. ಮೂರೂವರೆ ನಿಮಿಷ ತಾನೇ ಅನ್ನಬೇಡಿ. ಐವತ್ತು ವರ್ಷದವನಿಗೆ ಅದು ಮೂರು ಗಂಟೆಗೆ ಹತ್ತಿರ ಆಗುತ್ತೆ, ಲಗ್ನ ಒಂದೂವರೆ ರಾಶಿ ಆಚೆ. ಪಾಶ್ಚಾತ್ಯರ ಸಾಯನ (ಋತುಗಳ ಲೆಕ್ಕದ) ವರ್ಷ ನಮ್ಮದಕ್ಕಿಂತ 20 ನಿಮಿಷ ಕಡಿಮೆ. ಐವತ್ತಕ್ಕೆ 17 ಗಂಟೆ. ಒಬ್ಬನೇ ಮನುಷ್ಯ, ಒಂದೇ ಹುಟ್ಟುಹಬ್ಬ, ಮೂರು ವರ್ಷಕುಂಡಲಿ. ಮಗ ಅಮೆರಿಕದಲ್ಲಿದ್ದರೆ ಅಲ್ಲಿನ ಲಗ್ನ ಹಾಕಬೇಕೋ ಹುಟ್ಟಿದ ಹೊಸಕೋಟೆಯದೋ ಅನ್ನೋ ಜಗಳ ಬೇರೆ.

ಇದರ ಮೇಲೆ ಹುಟ್ಟಿದ ಹೊತ್ತು. ಲಗ್ನ ನಾಲ್ಕು ನಿಮಿಷಕ್ಕೆ ಒಂದು ಭಾಗ ಓಡುತ್ತೆ. ಜನ್ಮದ ಹೊತ್ತು ಇಪ್ಪತ್ತು ನಿಮಿಷ ತಪ್ಪಿದ್ದರೆ ಪ್ರತಿ ವರ್ಷದ ಕುಂಡಲಿಯೂ ಇಪ್ಪತ್ತು ನಿಮಿಷ ತಪ್ಪಿಯೇ ಹುಟ್ಟುತ್ತೆ. ನಮ್ಮ ಕಡೆ ಅರವತ್ತು ದಾಟಿದವರನ್ನ ಹೊತ್ತು ಕೇಳಿ ನೋಡಿ. ‘ಹಾಲು ಕರೆಯೋ ಹೊತ್ತು’, ‘ದನ ಮನೆಗೆ ಬರೋ ಹೊತ್ತು’, ‘ಎರಡನೇ ಕೋಳಿ ಕೂಗಿತ್ತು’. ರೈಲು ದಾರಿಯ ಪಕ್ಕದ ಊರಿನವರು ರೈಲಿನ ಗುರುತು ಹೇಳ್ತಾರೆ. ದೇವನಹಳ್ಳಿ ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದ ಸಣ್ಣ ಗೇಜಿನ ಗಾಡಿ. ಆ ಗಾಡಿ ಹೊತ್ತಿಗೆ ಸರಿಯಾಗಿ ಬಂದಿತ್ತು ಅಂತ ಯಾರು ಹೇಳೋರು? ಈಗಿನವರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇದೆ. ಜನನ ಪ್ರಮಾಣಪತ್ರದಲ್ಲಿ ತಾರೀಖು ಮಾತ್ರ ಇರುತ್ತೆ, ಹೊತ್ತು ಇರೋದಿಲ್ಲ. ಆ ಚೀಟಿ ಕಳೆದರೆ ಮುಗೀತು.

ಆದ್ದರಿಂದ ನನ್ನ ಗಟ್ಟಿ ಅಭಿಪ್ರಾಯ ಇದು: ಹೊತ್ತು ನಿಮಿಷದ ಮಟ್ಟಿಗೆ ಗೊತ್ತಿಲ್ಲದವರಿಗೆ ವರ್ಷಕುಂಡಲಿ ಹಾಕಲೇಬಾರದು. ಹೊತ್ತು ಬೇಡದ ಲೆಕ್ಕಗಳಿವೆ, ಅವನ್ನ ಮಾತ್ರ ಓದಬೇಕು. ಶನಿ ದಿನಕ್ಕೆ ನಡೆಯೋದು ಸರಾಸರಿ ಎರಡು ಕಲೆ ಅಷ್ಟೇ. ಹಾಲು ಕರೆಯೋ ಹೊತ್ತಾದರೇನು, ದೀಪ ಹಚ್ಚೋ ಹೊತ್ತಾದರೇನು, ಅವನ ಜಾಗ ಅಷ್ಟರಲ್ಲಿ ಬದಲಾಗೋದಿಲ್ಲ. ಗುರುವಿನದೂ ಹಾಗೇ. ರಾಶಿ ಬದಲಾಗೋ ಗಡಿಯಲ್ಲಿ ಮಾತ್ರ ಎಚ್ಚರ ಬೇಕು. ರಾಶಿಚಕ್ರ ಎಲ್ಲಿಂದ ಶುರು ಅಂತ ಹೇಳೋ ಲೆಕ್ಕ ಅಯನಾಂಶ; ಸರ್ಕಾರಿ ಪಂಚಾಂಗ ಹಿಡಿಯೋ ಲಾಹಿರಿ ಅಯನಾಂಶಕ್ಕೂ ರಾಮನ್ ಅವರ ಅಯನಾಂಶಕ್ಕೂ ಸುಮಾರು ಒಂದೂವರೆ ಭಾಗ ವ್ಯತ್ಯಾಸ, ಶನಿ ರಾಶಿಗೆ ಕಾಲಿಡೋ ದಿನದಲ್ಲಿ ಹಲವು ದಿನ ಹಿಂದೆಮುಂದೆ ಆಗಬಹುದು. ಸುತ್ತಿಗೆ ಅದೂ ಅಡ್ಡಿಯಿಲ್ಲ. ಜನ್ಮಕ್ಕೂ ಮರಳಿಕೆಗೂ ಒಂದೇ ಅಯನಾಂಶ ಹಿಡಿದರೆ ಮರಳೋ ದಿನ ಒಂದೇ ಬರುತ್ತೆ.

ಫಲದ ಮಾತಿಗೆ ಬಂದರೆ, ಖಗೋಳವಿಜ್ಞಾನಿ ನಾರ್ಳೀಕರ್ ಅವರು 2008ರಲ್ಲಿ ಪುಣೆಯಲ್ಲಿ ನಡೆಸಿದ ಪರೀಕ್ಷೆಯನ್ನ ಬಚ್ಚಿಡೋಕೆ ಆಗೋದಿಲ್ಲ. ಚುರುಕು ಮಕ್ಕಳದ್ದು ನೂರು, ಬುದ್ಧಿಮಾಂದ್ಯ ಮಕ್ಕಳದ್ದು ನೂರು ಜಾತಕ. 27 ಜ್ಯೋತಿಷಿಗಳಿಗೆ ತಲಾ ನಲವತ್ತು ಕೊಟ್ಟು ಯಾವುದು ಯಾರದ್ದು ಅಂತ ಕೇಳಿದರು. ಸರಿಯಾದದ್ದು ನೂರಕ್ಕೆ 46, ನಾಣ್ಯ ಚಿಮ್ಮಿದರೂ ಐವತ್ತು ಬರಬೇಕು. ಇದನ್ನ ತಿಳಿದೂ ಒಬ್ಬ ಹುಡುಗನ ಮದುವೆಯನ್ನ ಎರಡು ವರ್ಷ ಮುಂದೂಡಿ ಅನ್ನೋದು ನನಗೆ ಸರಿ ಕಾಣೋದಿಲ್ಲ. ಗಣಿತ ಆಕಾಶದ್ದು, ಅದು ನಿಜ. ಅದರ ಮೇಲೆ ಕೂತು ಮನೆಯವರ ಜೊತೆ ಬದುಕಿನ ಲೆಕ್ಕ ಮಾತಾಡೋದೂ ಒಳ್ಳೇದೇ. ಇಪ್ಪತ್ತೊಂಬತ್ತರಲ್ಲಿ ಹುಡುಗರಿಗೆ ಹೇಗೂ ಆ ಮಾತು ಬೇಕಾಗಿರುತ್ತೆ: ಬಾಡಿಗೆಯೋ ಸ್ವಂತ ಸೂರೋ, ಅಪ್ಪನ ಜಮೀನು ಇಟ್ಟುಕೊಳ್ಳೋದೋ ಮಾರೋದೋ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಉಳಿಸಿಕೊಳ್ಳೋಕೆ ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡೋ ಹಾಗೆ ಮಾಡಿದರಲ್ಲ, ಆ ಮನೆಗಳ ಎಷ್ಟು ಹುಡುಗರು ಇದೇ ವಯಸ್ಸಿನವರು! ನಿಮ್ಮ ಮಗನ ಜೊತೆ ಆ ಮಾತಾಡಿ. ಹುಡುಗಿ ಒಪ್ಪಿಗೆಯಾಗಿದ್ದರೆ ಮದುವೆ ಮಾಡಿ.

ಎಲ್ಲ ಸುತ್ತುಗಳಲ್ಲೂ ನನಗೆ ಪ್ರೀತಿಯಾದದ್ದು ಅರವತ್ತರದು. ಶನಿ ಎರಡು ಸುತ್ತು ಹಾಕೋಕೆ 58 ವರ್ಷ 11 ತಿಂಗಳು, ಗುರು ಐದು ಸುತ್ತು ಹಾಕೋಕೆ 59 ವರ್ಷ 4 ತಿಂಗಳು. ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೆ ಮನೆ ಸೇರೋ ಹೊತ್ತು, ಸಂವತ್ಸರವೂ ಅದೇ ಹೆಸರಿನದು. 1965ರ ವಿಶ್ವಾವಸು ಯುಗಾದಿಗೆ ಗುರು ವೃಷಭದಲ್ಲಿ, ಶನಿ ಕುಂಭದಲ್ಲಿ. 2025ರ ವಿಶ್ವಾವಸು ಯುಗಾದಿಗೆ ಗುರು ವೃಷಭದಲ್ಲೇ ಇದ್ದ. ಶನಿ ಮಾತ್ರ ಹಿಂದಿನ ದಿನವಷ್ಟೇ ಕುಂಭ ಬಿಟ್ಟು ಮೀನಕ್ಕೆ ಹೋಗಿದ್ದ. ಒಂದೇ ದಿನದ ಅಂತರ ನೋಡಿ! ನಮ್ಮ ಹಿರಿಯರು ಈ ಮರಳಿಕೆಗೆ ಭಯದ ಕುಂಡಲಿ ಹಾಕಲಿಲ್ಲ. ಷಷ್ಟ್ಯಬ್ದಿ ಅಂದರು, ಶಾಂತಿ ಮಾಡಿಸಿದರು, ಕಲಶದ ನೀರು ಹುಯ್ಯಿಸಿದರು, ಗಂಡನಿಂದ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಿಸಿದರು, ಮೊಮ್ಮಕ್ಕಳ ಕೈಯಲ್ಲಿ ಅಕ್ಷತೆ ಹಾಕಿಸಿದರು. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ. 29,530 ದಿನ, ಅಂದರೆ 80 ವರ್ಷ 10 ತಿಂಗಳು. ಇವುಗಳಲ್ಲಿ ಯಾವುದಕ್ಕೂ ಗಂಟೆ ನಿಮಿಷ ಬೇಡ. ಸಂವತ್ಸರ, ಮಾಸ, ನಕ್ಷತ್ರ ಇಷ್ಟು ಸಾಕು.

1966ರ ಪರಾಭವದಲ್ಲಿ ಹುಟ್ಟಿದವರ ಸರದಿ 2026ರ ಯುಗಾದಿಯಿಂದ. ನಿಮ್ಮ ಭಾವ ಆ ವರ್ಷದವರಲ್ಲವೇ? ಆಧಾರ್‌ನಲ್ಲಿರೋ ಜೂನ್ 1ನ್ನ ನಂಬಬೇಡಿ, ಅದು ಶಾಲೆಗೆ ಸೇರಿಸೋವಾಗ ಮೇಷ್ಟರು ಬರೆದ ತಾರೀಖು ಇರಬಹುದು. ಅವರ ಅಕ್ಕ ಇನ್ನೂ ಗಟ್ಟಿಯಾಗಿದ್ದಾರೆ. ಯಾವ ಹಬ್ಬದ ಆಸುಪಾಸು ಹುಟ್ಟಿದ್ದು, ನಾಮಕರಣದಲ್ಲಿ ಯಾವ ನಕ್ಷತ್ರ ಹೇಳಿದ್ದರು ಅಂತ ಅವರನ್ನೇ ಕೇಳಿ ಬರೆದುಕೊಂಡು ಬನ್ನಿ, ದಿನ ನೋಡೋಣ.